ನಿಂಗವ್ವನ ಗಂಡನ ಹೆಸರು

"ನಿಂಗವ್ವಾ... ಹನುಮಪ್ಪಾ...!"

ಗಂಗಾವತಿಯ ಮುನ್ಸೀಫ್ ಕೋರ್ಟಿನ ಜವಾನ ಹೀಗೆ ಕೂಗಿದರೆ ಎದುರು ಬೀದಿಯ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಎಪ್ಪತ್ತರ ದಶಕದ ಕೊನೆ ಅದು. ನಿಂಗವ್ವ ವಾದಿ, ನನ್ನ ಗಂಡ ರಘುವಿನ ಕಕ್ಷಿದಾರಳು. ಹನುಮಪ್ಪ ಪ್ರತಿವಾದಿ, ಅವಳ ಗಂಡನ ಅಣ್ಣ. ತಮ್ಮ ಸತ್ತ ಮೇಲೆ ಕಾಲುವೆ ಕೆಳಗಿನ ಗದ್ದೆಯಲ್ಲಿ ಪಾಲು ಕೊಡದೆ ಅವಳನ್ನು ಮನೆಯಿಂದ ಹೊರಹಾಕಿದ್ದ. ದಾವೆ ಸೋತರೆ ಜನ್ಮವಿಡೀ ಊರವರ ಗದ್ದೆಯಲ್ಲಿ ನಾಟಿ ಹಚ್ಚುವ ಕೂಲಿಯೇ ಗತಿ.

ಎತ್ತರದ ಹೆಂಗಸು. ನಮ್ಮ ಮನೆಗೆ ಬಂದಾಗ ಕುರ್ಚಿ ಕೊಟ್ಟರೆ ಅದರ ಪಕ್ಕ ನೆಲದ ಮೇಲೆ ಕೂರುವಳು. ಬೇರೆ ಯಾರೂ ಒಯ್ಯದ ಹಾಗೆ ಒಂದು ಕೈ ಮಾತ್ರ ಕುರ್ಚಿಯ ಮೇಲೆ. ನಾನೋ ಕಾನ್ವೆಂಟಿನವಳು. "ರಘೂ, ಟೀ!" ಎಂದು ಗಂಡನನ್ನು ಕರೆದರೆ ನಿಂಗವ್ವ ಎರಡೂ ಕಿವಿ ಮುಚ್ಚಿಕೊಳ್ಳುವಳು.

"ಯವ್ವಾ, ವಕೀಲ್ ಸಾಹೇಬ್ರನ್ನ ಕರು ಕರದಂಗ ಕರೀತೀರಲ್ರೀ ಅಕ್ಕಾರ!"

"ಮತ್ತ ನೀ ಹೆಂಗ ಕರೀತಿದ್ದಿ?"

"ಕರಿಯೂದ್ಯಾಕ್ರಿ? ಬಳಿ ಸಪ್ಪಳ ಮಾಡಿದ್ರ ಬರ್ತಿದ್ರು."

ಗಂಡನ ಹೆಸರೆತ್ತಬಾರದೆಂಬ ಈ ನೇಮ ದಾವೆಯೊಳಗೂ ಹೊಕ್ಕಿತ್ತು. ದಾವೆ ಬರೆಯುವ ದಿನ ರಘು ಅವಳ ಗಂಡನ ಹೆಸರು ಕೇಳಿದ್ದ. "ಬಾಲ ಐತಲ್ರೀ, ಆ ದೇವ್ರು," ಎಂದಳು. ಪಹಣಿಯಲ್ಲಿ ಭಾವನ ಹೆಸರು ಹನುಮಪ್ಪ ಎಂದಿತ್ತು. ಈ ಸೀಮೆಯ ಮನೆಗಳಲ್ಲಿ ಅಣ್ಣ ದೊಡ್ಡ ಹನುಮಪ್ಪ, ತಮ್ಮ ಸಣ್ಣ ಹನುಮಪ್ಪ ಆಗಿರುವುದು ಮಾಮೂಲು. ರಘು ಹೆಚ್ಚು ವಿಚಾರಿಸಲಿಲ್ಲ. ಇಂಗ್ಲಿಷಿನಲ್ಲಿ "ಲೇಟ್ ಸಣ್ಣ ಹನುಮಪ್ಪ" ಎಂದು ನನ್ನಿಂದ ಟೈಪ್ ಮಾಡಿಸಿದ.

"ಸಣ್ಣ ಹನುಮಪ್ಪ ಎಂಬ ತಮ್ಮ ನನಗಿಲ್ಲ" ಎಂದು ಪ್ರತಿವಾದಿ ಲಿಖಿತ ಉತ್ತರ ಕೊಟ್ಟ. ಪ್ರತಿವಾದಿಗಳು ಎಲ್ಲವನ್ನೂ ಅಲ್ಲಗಳೆಯುವುದು ರೂಢಿಯಾದ್ದರಿಂದ ರಘು ಇದನ್ನೂ ಹಾಗೇ ಓದಿಕೊಂಡ. ಇಡೀ ಉತ್ತರದಲ್ಲಿ ನಿಜವಿದ್ದದ್ದು ಅದೊಂದೇ.

ವರ್ಷಗಳ ನಂತರ ಸಾಕ್ಷಿ ಕಟ್ಟೆಯಲ್ಲಿ ಎದುರು ವಕೀಲರು ಸಣ್ಣ ಹನುಮಪ್ಪನ ಬಗ್ಗೆ ಕೇಳಿದರೆ ನಿಂಗವ್ವ, "ಅಂಥೋರು ನಮ್ಮನ್ಯಾಗ ಯಾರೂ ಇಲ್ರಿ," ಎಂದುಬಿಟ್ಟಳು. ಹಾಗಾದರೆ ಗಂಡನ ಹೆಸರೇನು ಎಂದರೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

ಅಂದು ಸಂಜೆ ನಮ್ಮ ಪಡಸಾಲೆಯಲ್ಲಿ ನಾನು ಆ ಬಾಲದ ದೇವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದೆ. "ಮಾರುತೆಪ್ಪ" ಎಂದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟರ ಆಧಾರದ ಮೇಲೆ ತಿದ್ದುಪಡಿ ಅರ್ಜಿ ತಯಾರಾಯಿತು. ಅಫಿಡವಿಟ್‌ನಲ್ಲಿ ರೀಸನ್ ಫಾರ್ ಡಿಲೇ ಎಂಬಲ್ಲಿ, ವಾದಿಯು ಗಂಡನ ಹೆಸರು ಹೇಳುವುದಿಲ್ಲ ಎಂದು ಟೈಪ್ ಮಾಡಿದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಗ್ರಾಮರಿನಲ್ಲಿ ತಪ್ಪಿರಲಿಲ್ಲ.

ವಿಚಾರಣೆಯ ದಿನ ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಇಷ್ಟು ಲೇಟಾಗಿ ಏನು ತಿದ್ದುಪಡಿ ಎಂದು ಜಡ್ಜ್ ಗದರಿದರು. ಅರ್ಜಿ ಬಿದ್ದರೆ ದಾವೆಯೂ ಬಿದ್ದಂತೆ. ಎದುರು ವಕೀಲರಿಗೆ ಹುಮ್ಮಸ್ಸು ಬಂತು.

"ಸಾಕ್ಷಿ ಶುರುವಾದ ಮ್ಯಾಲೆ ಈಕಿ ಗಂಡನ್ನ ಬದಲ್ ಮಾಡಾಕತ್ಯಾಳ, ಸ್ವಾಮಿ!"

ಕೋರ್ಟು ನಕ್ಕಿತು. ನಿಂಗವ್ವ ತಲೆ ತಗ್ಗಿಸಿದಳು. ನಗದೆ ಇದ್ದ ಇನ್ನೊಬ್ಬನೆಂದರೆ ಅವಳ ಭಾವ ಹನುಮಪ್ಪ. ಎದ್ದು ನಿಂತು ತನ್ನ ವಕೀಲರ ಮೇಲೇ ಹರಿಹಾಯ್ದ.

"ಏ ವಕೀಲ್ರ, ನಮ್ಮ ಮನಿ ಮರ್ಯಾದಿ ತೆಗೀಬ್ಯಾಡ್ರಿ! ಆಕಿಗೆ ಒಬ್ನ ಗಂಡ. ನನ್ನ ತಮ್ಮ, ಮಾರುತೆಪ್ಪ!"

ವಕೀಲರು ಕೂತರು. ಜಡ್ಜ್ ಆ ಮಾತನ್ನು ಬರೆದುಕೊಂಡು ಅರ್ಜಿ ಮಂಜೂರು ಮಾಡಿದರು.

ಅಲ್ಲಿಂದ ಮುಂದೆ ಜವಾನ, "ನಿಂಗವ್ವ ಗಂಡ ಮಾರುತೆಪ್ಪಾ!" ಎಂದು ಪೂರ್ತಿ ಕೂಗತೊಡಗಿದ. ಮೊದಲೆಲ್ಲ ಒಂದೇ ಕೂಗಿಗೆ ಓಡುತ್ತಿದ್ದವಳು ಈಗ ಬೇವಿನ ಮರದ ಕೆಳಗೆ ನಿಂತೇ ಇರುವಳು. ಕೇಳಿಸಲಿಲ್ಲವೇನು ಎಂದು ರಘು ಬೈದ. "ಕೇಳಸ್ತರಿ. ಇನ್ನೊಮ್ಮೆ ಕೂಗ್ಲಿ ಅಂತ ನಿಂತಿದ್ದೆ."

ತೀರ್ಪಿನ ದಿನ ಅರ್ಧ ಗದ್ದೆ ಅವಳಿಗೆ ಬಂತು. ನಾನು ಕಂಗ್ರಾಜುಲೇಷನ್ಸ್ ಹೇಳಲು ಹೋದರೆ ಅವಳು ಬಾಗಿಲಲ್ಲಿದ್ದ ಜವಾನನನ್ನೇ ನೋಡುತ್ತಿದ್ದಳು.

"ಇನ್ನ ಕೂಗಂಗಿಲ್ಲೇನ್ರಿ ಅಕ್ಕಾರ?"

"ಇಲ್ಲ. ಮುಗೀತಲ್ಲ."

ನನ್ನ ಕಡೆ ತಿರುಗಿದಳು. "ನೀವರ ಒಮ್ಮೆ ಅನ್ರಿ."

ನಾನು ಮೆಲ್ಲಗೆ ಅಂದೆ.

"ಹಂಗಲ್ರಿ. ನಿಮ್ಮವ್ರನ್ನ ಕರೀತೀರಲ್ಲ, ಹಂಗ."

"ಮಾರುತೆಪ್ಪಾ!" ಎಂದು ಕೂಗಿದೆ. ಕೋರ್ಟಿನ ಆವರಣದಲ್ಲಿ ಮೂವರು ಗಂಡಸರು "ಯಾಕ್ರೀ?" ಎಂದು ತಿರುಗಿದರು. ನಿಂಗವ್ವ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ, ತಲೆಯ ಮೇಲೆ ಸೆರಗೆಳೆದುಕೊಂಡು, ಬಳೆ ಇಲ್ಲದ ಕೈಯಿಂದ ನನ್ನ ಕೈ ಹಿಡಿದು ಬಿಟ್ಟಳು. ಆಮೇಲೆ ತನ್ನೂರ ಬಸ್ಸಿಗೆ ನಡೆದಳು.