ಪೋಲಂಡಿಗೆ ಹೋಗದ ಕೌದಿ

ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ ಎಂದು ಎಲ್ಲರೂ ನಂಬಿದ್ದ ಕಾಲ ಅದು. ನಾನಾಗ ಆರನೇ ಇಯತ್ತೆ. ನನಗೆ ಬರುತ್ತಿದ್ದುದು ಪಾಠದ ಕೊನೆಯ ಪ್ರಶ್ನೋತ್ತರ, ಟಿವಿಯ ಒಂದಷ್ಟು ಜಾಹೀರಾತು ಮತ್ತು ಬೇಕಾದಷ್ಟು ಧೈರ್ಯ. ಅಣ್ಣಿಗೇರಿಗೆ ಹೋದಾಗ ಅಪ್ಪ ಔಷಧದ ಡಬ್ಬಿಯ ಮೇಲಿನ ಅಕ್ಷರಗಳನ್ನು ನನ್ನಿಂದ ಓದಿಸಿ, ಅಂಗಡಿಯವರ ಕಡೆ ನೋಡಿ ಮೀಸೆ ಮುಟ್ಟಿಕೊಳ್ಳುತ್ತಿದ್ದ. ಓದಿದ್ದು ತಪ್ಪೋ ಸರಿಯೋ ಹೇಳುವವರು ಯಾರೂ ಇರಲಿಲ್ಲ. ನಾನು ಕೆಟ್ಟದ್ದೇ ಅಲ್ಲಿ.

ಮೆಣಸಿನಕಾಯಿ ಒಣಹಾಕುವ ದಿನಗಳಲ್ಲಿ ಕ್ಲಾರಾ ನಮ್ಮ ಮನೆಗೆ ಬಂದಳು. ಬಂದಳು ಎನ್ನುವುದಕ್ಕಿಂತ ಅಪ್ಪ ಅವಳನ್ನು ಎತ್ತಿನ ಚಕ್ಕಡಿಯಲ್ಲಿ ಕೂರಿಸಿಕೊಂಡು ಬಂದ. ಪೋಲಂಡಿನ ಹುಡುಗಿ, ಇಪ್ಪತ್ತರ ಆಸುಪಾಸು, ಗೋವಾದಿಂದ ಹಂಪಿಗೆ ಒಬ್ಬಳೇ ಸೈಕಲ್ ಮೇಲೆ ಹೊರಟವಳು. ಡಾಂಬರು ರಸ್ತೆ ಬೇಸರ ಬಂತೆಂದು ನಮ್ಮ ಎರೆಹೊಲದ ದಾರಿಗೆ ಇಳಿದು, ಗಾಲಿ ಕೊರೆದ ತಗ್ಗಿನಲ್ಲಿ ಬಿದ್ದು ಕಾಲು ಉಳುಕಿಸಿಕೊಂಡಿದ್ದಳು. ಎಲುಬು ಮುರಿದಿಲ್ಲ, ಹತ್ತು ದಿನ ಕಾಲು ಊರಬಾರದು ಎಂದು ಅಣ್ಣಿಗೇರಿಯ ಡಾಕ್ಟರು ಹೇಳಿದರು. "ಲಾಡ್ಜಿನಾಗ ಯಾರ ನೋಡ್ಕೋತಾರ್ರಿ? ನಮ್ಮ ಮನ್ಯಾಗ ಇರ್ಲಿ ಬಿಡ್ರಿ" ಎಂದು ಅಪ್ಪ ಕರೆತಂದಿದ್ದ.

ಅವಳನ್ನು ವಶಕ್ಕೆ ತೆಗೆದುಕೊಂಡವಳು ಆಯಿ, ಅಂದರೆ ಅಪ್ಪನ ಅವ್ವ. ದಿನಾ ಮುಂಜಾನೆ ಅರಿಶಿನ, ಸುಣ್ಣ ಕಲಸಿ ಬೆಚ್ಚಗೆ ಮಾಡಿ ಆ ಬಿಳಿ ಕಾಲಿಗೆ ಬಳಿಯುತ್ತಿದ್ದಳು. ಕ್ಲಾರಾ ಪಡಸಾಲೆಯ ಕಂಬಕ್ಕೆ ಒರಗಿ ನಮ್ಮ ಮನೆಯನ್ನೆಲ್ಲ ಕಣ್ಣಿಂದಲೇ ತಿನ್ನುವಳು. ಅಂಗಳದಲ್ಲಿ ಹರವಿದ ಮೆಣಸಿನಕಾಯಿಯ ಘಾಟಿಗೆ ಸಾಲುಸಾಲಾಗಿ ಸೀನುವಳು. ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಕುಂಟುತ್ತಾ ಒಲೆಯ ಮುಂದೆ ಹೋಗಿ ತಾನೂ ಬಡಿಯಲು ಕೂರುವಳು. ಅವಳು ಬಡಿದ ರೊಟ್ಟಿಗೆ ಒಂದೊಂದು ದಿನ ಒಂದೊಂದು ಆಕಾರ. ಅದನ್ನೇ ಶೇಂಗಾ ಹಿಂಡಿ, ಮೊಸರು, ಹಸಿ ಹಕ್ಕರಕಿ ಸೊಪ್ಪಿನೊಂದಿಗೆ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು "ಸಾಕ್ರಿ, ಸಾಕ್ರಿ" ಎನ್ನುವಳು. ಸಂಜೆ ನಾವಿಬ್ಬರೂ ಹುಣಸೆ ಬೀಜ ಉಜ್ಜಿ ಚೌಕಾಬಾರಾ ಆಡುತ್ತಿದ್ದೆವು. ನಾನು ಮೋಸ ಮಾಡಿದ್ದು ಗೊತ್ತಾದರೂ ಅವಳು ಸುಮ್ಮನೆ ನಗುತ್ತಿದ್ದಳು. ಅವಳ ಇಂಗ್ಲಿಷೂ ನನ್ನದರ ಹಾಗೆ ಅರ್ಧಂಬರ್ಧ. ಹೀಗಾಗಿ ನಮ್ಮಿಬ್ಬರ ಮಾತು ಚೆನ್ನಾಗಿಯೇ ನಡೆಯಿತು.

ಅವಳು ಬಂದ ಎರಡನೇ ದಿನ ಆಯಿ ಅಟ್ಟದಿಂದ ಹಳೇ ಅರಿವೆಯ ಗಂಟು ಇಳಿಸಿ, ತುಂಡಿಗೆ ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯಲು ಕೂತಳು. ಬಾಜೂ ಮನೆಯ ಹುಸೇನಬಿ ತನ್ನ ಮಗಳ ಹಸಿರು ಓಡನಿ ಹರಿದು ತಂದುಕೊಟ್ಟು, ತಾನೂ ಸೂಜಿ ಹಿಡಿದಳು. ಇಷ್ಟು ಸಣ್ಣ ಕೌದಿ ಯಾಕೆಂದು ನಾನು ಕೇಳಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ಆಯಿಯೇ ಹೇಳಿದಳು.

"ಅಕಿಗೆ ಹೇಳಲೇ ಸವೀ, ಇದು ನಿನಗ ಅಂತ. ಸೈಕಲ್ ಮ್ಯಾಲ ಹಿಡಸೂವಂಗ ಸಣ್ಣದ ಮಾಡೇನಿ. ಇನ್ನ ಮೂರ ದಿನ ಇದ್ರ ಮುಗಸ್ತೀನಿ. ಕೌದಿ ಹೊಟ್ಟಿ ಅಕಿನ ತುಂಬಸ್ಲಿ."

ನಮ್ಮ ಕಡೆ ಕೌದಿಯ ಕೊನೆಯ ಹೊಲಿಗೆ ಹಾಕುವ ಮುಂಚೆ ಒಂದು ಮೂಲೆ ಬಾಯಿ ತೆರೆದಿಟ್ಟು, ಅದರೊಳಗೆ ರೊಟ್ಟಿಯ ಚೂರು ಇಟ್ಟು ಮುಚ್ಚುತ್ತಾರೆ. ಹೊದ್ದವರು ಹಸಿದು ಮಲಗಬಾರದು ಅಂತ. ಆಯಿ ಆ ಕೆಲಸವನ್ನು ಮನೆಯವರಿಗಲ್ಲದೆ ಬೇರೆ ಯಾರಿಗೂ ಕೊಟ್ಟಿದ್ದನ್ನು ನಾನು ನೋಡಿರಲಿಲ್ಲ.

ನಾನು ಕೌದಿಯ ಕಡೆ ನೋಡಿದೆ. ನಟ್ಟನಡುವೆ ನನ್ನ ಶಾಲೆಯ ನೀಲಿ ಲಂಗದ ತುಂಡು, ಅದರ ಮೇಲೆ ಎಷ್ಟು ಒಗೆದರೂ ಹೋಗದ ಮಸಿಯ ಕಲೆ. ಅದರ ಬಾಜೂಕ್ಕೆ ಅಪ್ಪನ ಪಟ್ಟಾಪಟ್ಟಿ ಚಡ್ಡಿ. ಅದರಾಚೆ ಅವ್ವ ಸೀರೆಯೊಳಗೆ ಉಡುತ್ತಿದ್ದ ಸವೆದ ಪರಕಾರ. ಇವೆಲ್ಲ ಪೋಲಂಡಿಗೆ ಹೋಗಿ, ಅಲ್ಲಿ ಅವಳ ಗೆಳತಿಯರು ಸುತ್ತ ನಿಂತು ಅಪ್ಪನ ಚಡ್ಡಿ ನೋಡುವುದನ್ನು ನೆನೆದು ನನ್ನ ಕಿವಿ ಬಿಸಿಯಾಯಿತು. ಮನೆಯಲ್ಲಿ ಅಂಗಡಿಯ ರಗ್ಗು ಇದ್ದಿದ್ದರೆ ಅದನ್ನೇ ಕೊಡಬಹುದಿತ್ತು ಅನ್ನಿಸಿತು.

ಅಷ್ಟರಲ್ಲಿ ಕ್ಲಾರಾಳೇ ಕೇಳಿದಳು, ಅಜ್ಜಿ ಇದನ್ನು ಯಾರಿಗಾಗಿ ಹೊಲಿಯುತ್ತಿದ್ದಾರೆ ಅಂತ.

"ನಮ್ಮ ಅತ್ತೆಯ ಕೂಸಿಗೆ" ಎಂದೆ.

ಅವಳು ಕೌದಿಯ ಅಂಚು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಆ ಕೂಸು ಪುಣ್ಯ ಮಾಡಿದೆ ಎಂದಳು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಬೇರೆಯವರ ಸೊತ್ತನ್ನು ವಾಪಸ್ಸು ಇಡುವಂತೆ ಮೆಲ್ಲಗೆ ಇಟ್ಟಳು.

"ಏನಂದ್ಲಲೇ?" ಆಯಿಯ ಮುಖ ಅರಳಿತ್ತು.

"ಬ್ಯಾಡಂತ ಬೇ ಆಯಿ. ಅವರ ದೇಶದಾಗ ಹಳೀ ಅರಿವಿ ಹೊಚಗೊಳ್ಳಂಗಿಲ್ಲಂತ."

"ಮತ್ತ ಗಲ್ಲಕ್ಕ ಹಚ್ಚಿಕೊಂಡ್ಲಲ್ಲ?"

"ಒರಟ ಐತೇನ ಅಂತ ನೋಡಿದ್ಲು."

ಹುಸೇನಬಿ ನನ್ನನ್ನು ದಿಟ್ಟಿಸಿ ನೋಡಿದಳು. ಆದರೆ ಅವಳಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಆಯಿ ದಾರ ಕಡಿದು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. "ಇರ್ಲಿ ಬಿಡು. ಅವರ ಪದ್ಧತಿ ಅವರಿಗೆ" ಎಂದು ಕೌದಿ ಮಡಚಿ ಒಳಗೆ ಹೋದಳು.

ಎರಡು ದಿನ ಬಿಟ್ಟು ಕ್ಲಾರಾ ಹೊರಟಳು. ಅವ್ವನಿಂದ ಕಲಿತಂತೆ ಬಗ್ಗಿ ಆಯಿಯ ಕಾಲು ಮುಟ್ಟಿದಳು. ಆಯಿ ತಲೆ ಮುಟ್ಟಿ, ರೊಟ್ಟಿ ಬುತ್ತಿ ಕೈಗೆ ಕೊಟ್ಟು, "ಹುಷಾರಿಲೇ ಹೋಗು ತಂಗಿ" ಎಂದಳು. ಅಷ್ಟೇ. ದಿನಾ ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದವಳು ಅಂದು ಒಂದು ಮಾರು ದೂರ ನಿಂತಿದ್ದಳು. ಕ್ಲಾರಾಳಿಗೆ ಅದು ತಿಳಿಯಿತು. ಸೈಕಲ್ ಹತ್ತುವ ಮುಂಚೆ ನನ್ನ ಕೈ ಹಿಡಿದು, ತನ್ನಿಂದ ಏನಾದರೂ ತಪ್ಪಾಯಿತಾ, ಅಜ್ಜಿಗೆ ಸಿಟ್ಟು ಬಂದಿದೆಯಾ ಎಂದು ಕೇಳಿದಳು. ಆಗಲಾದರೂ ಹೇಳಬಹುದಿತ್ತು. ಕೌದಿ ಒಳಗೆ ಪೆಟ್ಟಿಗೆಯ ಮೇಲೇ ಇತ್ತು. "ಅಜ್ಜಿಗೆ ದಣಿವಾಗಿದೆ" ಎಂದೆ. ಅವಳು ರಸ್ತೆಯ ತಿರುವಿನವರೆಗೂ ಹೊರಳಿ ಹೊರಳಿ ನೋಡುತ್ತಾ ಹೋದಳು.

ಮುಂದಿನ ವಾರ ಆಯಿ ಕೌದಿ ಬಿಚ್ಚಿದಳು. ಎಳೆ ಎಳೆ ದಾರ ಕಿತ್ತು, ಹಸಿರು ಓಡನಿಯ ತುಂಡುಗಳನ್ನು ಹುಸೇನಬಿಗೆ ಹಿಂದಿರುಗಿಸಿದಳು. ನಮ್ಮ ಮನೆಯವು ಒರೆಸುವ ಅರಿವೆಯಾದವು. ಆ ಮೇಲೆ ಅವಳು ಕೌದಿಗೆ ಕೂತಿದ್ದನ್ನು ನಾನು ಕಾಣಲಿಲ್ಲ. ಕಣ್ಣು ಮಂಜಾಗಿವೆ ಎನ್ನುತ್ತಿದ್ದಳು. ಅಕ್ಕಿಯೊಳಗಿನ ಹರಳು ಮಾತ್ರ ಆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ನಮ್ಮ ಮನೆಯ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುವಾಗ ಆಯಿ ಹೊಲಿದ ಕೌದಿ ಜತೆಗೆ ಹೋಗುತ್ತಿತ್ತು. ಅತ್ತೆಯಂದಿರಿಗೆ ಹೋಗಿತ್ತು, ದೊಡ್ಡಪ್ಪನ ಮಗಳಿಗೆ ಹೋಗಿತ್ತು. ನನ್ನ ಮದುವೆಯಲ್ಲಿ ಆಯಿ ಹುಬ್ಬಳ್ಳಿಯಿಂದ ತರಿಸಿದ ಹೂವಿನ ರಗ್ಗನ್ನು, ಪ್ಲಾಸ್ಟಿಕ್ ಚೀಲದ ಸಮೇತ ನನ್ನ ತೊಡೆಯ ಮೇಲೆ ಇಟ್ಟಳು.

"ಹಳೀ ಅರಿವಿದು ಕೊಟ್ರ ಮಂದಿ ಏನಂತಾರೋ ಏನೋ" ಎಂದಳು. "ಆ ಹುಡುಗಿ ಅಂದಾಗಿಂದ ನನಗ ಅಂಜಿಕಿ ಆಗೇತಿ ನೋಡು. ನಿನಗ ಅವಮಾನ ಆಗಬಾರ್ದು."

ಬಾಯಿ ತೆರೆದೆ. ಸುತ್ತ ನೆಂಟರಿದ್ದರು, ಕಾರು ಕಾಯುತ್ತಿತ್ತು. ಮುಂದಿನ ಸಲ ಬಂದಾಗ ಹೇಳಿದರಾಯಿತು ಅಂದುಕೊಂಡೆ. ಆ ಮಳೆಗಾಲದಲ್ಲೇ ಆಯಿ ಹೋದಳು.

ಈಗ ಊರಲ್ಲಿ ಹಳೇ ಸೀರೆ ಕೊಟ್ಟರೆ ಸ್ಟೀಲಿನ ಬೋಗುಣಿ ಕೊಡುವವನು ಬರುತ್ತಾನೆ. ಯಾರ ಮನೆಯಲ್ಲೂ ಅರಿವೆಯ ಗಂಟು ಇಲ್ಲ, ಕೌದಿಗೆ ಕೂರುವವರೂ ಇಲ್ಲ. ಅದಕ್ಕೆ ಕಾಲವನ್ನು ದೂರುವ ಹಕ್ಕು ಉಳಿದವರಿಗಿರಬಹುದು, ನನಗಿಲ್ಲ. ದೂರದಿಂದ ಬಂದ ಹುಡುಗಿಯೊಬ್ಬಳು ತನ್ನ ಕೈಕೆಲಸಕ್ಕೆ ಹೇಸಿದಳು ಎಂದೇ ಆಯಿ ಕೊನೆಯವರೆಗೂ ನಂಬಿದ್ದಳು. ಹೇಸಿದವಳು ಮನೆಯೊಳಗೇ ಇದ್ದಳು, ಆಯಿಯ ಕೈತುತ್ತು ತಿನ್ನುತ್ತಾ.