ಶ್ರೀಪಾಲಣ್ಣನ ಬ್ರಿಜ್ಜು

ಸದಲಗಾದ ಬೆಲ್ಲದ ವ್ಯಾಪಾರಿ ಶ್ರೀಪಾಲಣ್ಣನಿಗೆ ಮುಂದಿನ ಮೂರು ಹಲ್ಲು ಹೋದಂದಿನಿಂದ ನಗು ಬಂದರೆ ಮೊದಲು ಅಂಗೈ ಬಾಯಿಗೆ ಹೋಗುತ್ತಿತ್ತು. ಮದುವೆಮನೆಯಲ್ಲಿ ಹೆಂಡತಿಯ ಹೆಸರಿಟ್ಟು ಪ್ರಾಸ ಕಟ್ಟಿ ಒಡಪು ಹೇಳೆಂದರೆ ಕೆಮ್ಮು ಬರುತ್ತಿತ್ತು. ಮಿರಜಿನ ಹಲ್ಲಿನ ಡಾಕ್ಟರು ಅಕ್ಕಪಕ್ಕದ ಹಲ್ಲುಗಳ ಆಸರೆಗೆ ಕಟ್ಟುಹಲ್ಲಿನ ಬ್ರಿಜ್ ಕೂಡಿಸಿದ ಮೇಲೆ ಅವನನ್ನು ಹಿಡಿಯುವವರಿಲ್ಲ. "ತಗದಿಡೂ ಹಲ್ಲಲ್ರೀ ಇವು, ಜಗ್ಗಿ ನೋಡ್ರಿ!" ಎಂದು ಗಿರಾಕಿಗಳಿಗೆಲ್ಲ ಬಾಯಿ ತೆರೆದು ತೋರಿಸುತ್ತಾನೆ, ಡಾಕ್ಟರು ಬೇಡವೆಂದರೂ ಗಟ್ಟಿ ಬೆಲ್ಲವನ್ನು ಮುಂದಿನ ಹಲ್ಲಿನಿಂದಲೇ ಕಚ್ಚಿ ದರ ಹೇಳುತ್ತಾನೆ. ಆದರೂ ಮೊನ್ನೆ ತಮ್ಮನ ಮಗಳ ಮದುವೆಯಲ್ಲಿ ಹೆಂಗಸರು ಒಡಪಿಗೆ ಗಂಟುಬಿದ್ದಾಗ ಅವನ ಅಂಗೈ ತಾನಾಗಿಯೇ ಮೇಲೆದ್ದಿತು. ಹೆಂಡತಿ ಕುಸುಮಾ ಅದನ್ನು ಹಿಡಿದು ಕೆಳಗಿಳಿಸಿ, "ಇನ್ನ ಏನ್ ಮುಚ್ಚತೀರಿ? ಹೇಳ್ರಿ" ಎಂದಳು. "ದೂಧಗಂಗಾ ದಂಡ್ಯಾಗ ಬೆಳದೈತಿ ಕಬ್ಬ, ಕುಸುಮಾ ನಕ್ಕರ ನನಗ ದಿನಾ ಹಬ್ಬ!" ಎಂದ ಶ್ರೀಪಾಲಣ್ಣ. ಹಂದರವೆಲ್ಲ ಬಾಯಿಬಿಟ್ಟು ನಕ್ಕಿತು. ಬಾಯಿ ಮುಚ್ಚಿಕೊಂಡವಳು ಕುಸುಮಾ ಒಬ್ಬಳೇ, ಸೆರಗಿನಿಂದ.