ಅವ್ವನ ಓಟು, ನನ್ನ ಬೆರಳು

ಹರಿಹರದಲ್ಲಿ ಅವತ್ತು ಮಾಮೂಲಿ ದಿನ. ಹಾಲು ಬಂತು, ನಲ್ಲಿಯಲ್ಲಿ ನೀರು ಬಂತು, ಮನೆಯವರು ತಿಂಡಿ ತಿಂದು ಕೆಲಸಕ್ಕೆ ಹೋದರು. ಉಪಚುನಾವಣೆ ಇದ್ದದ್ದು ದಾವಣಗೆರೆಯಲ್ಲಿ ಮಾತ್ರ. ಊರಿಗೆ ಊರೇ ತನ್ನ ಪಾಡಿಗೆ ತಾನಿರುವಾಗ ನಾನೊಬ್ಬಳು ಇಸ್ತ್ರಿ ಸೀರೆ ಉಟ್ಟು ಓಟು ಹಾಕಲು ಬಸ್ ಸ್ಟ್ಯಾಂಡಿಗೆ ಹೊರಟಿದ್ದೆ. ಕನಸಿನಲ್ಲಿ ಮದುವೆಗೆ ಹೊರಟು, ಯಾರ ಮದುವೆ ಅಂತಲೇ ನೆನಪಾಗದೆ ಇರುತ್ತದಲ್ಲ, ಹಾಗಿತ್ತು.

ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಓಟು ತವರಲ್ಲೇ ಇದೆ. ರೇಷನ್ ಕಾರ್ಡು, ಗ್ಯಾಸು ಎಲ್ಲ ಹರಿಹರಕ್ಕೆ ಬಂದವು, ಓಟನ್ನು ಮಾತ್ರ ಅವ್ವ ಬಿಟ್ಟುಕೊಡಲಿಲ್ಲ. "ಅದೊಂದಾದ್ರೂ ಇಲ್ಲಿರ್ಲಿ ಬಿಡು. ಅದ್ರ ನೆಪದಾಗಾದ್ರೂ ಬರ್ತಿ" ಅಂದಿದ್ದಳು. ಸರ್ಕಾರದ ಲೆಕ್ಕದಲ್ಲಿ ಇದು ಸರಿಯೋ ತಪ್ಪೋ, ಅವ್ವನ ಕಾನೂನೇ ಬೇರೆ.

ಈ ಸಲ ಅವಳು ಕರೆದದ್ದು ನನ್ನ ಓಟಿಗಲ್ಲ, ತನ್ನ ಓಟಿಗೆ. ಅವ್ವನಿಗೆ ಕಣ್ಣಿನ ನರ ಒಣಗಿ ಕೆಲವು ವರ್ಷಗಳಾದವು. ಬೆಳಕು ಗೊತ್ತಾಗುತ್ತದೆ, ಆಕಾರ ಗೊತ್ತಾಗುವುದಿಲ್ಲ. ಹೆಂಗೆ ಕಾಣ್ತದವ್ವ ಅಂದರೆ, "ಗಂಜಿ ಹಾಕಿದ ಸೀರೆ ಮುಖದ ಮ್ಯಾಲೆ ಹೊದ್ಕಂಡಂಗೆ ಐತೆ" ಅನ್ನುತ್ತಾಳೆ. ಹೋದ ಸಲದ ಚುನಾವಣೆಯಲ್ಲಿ ನನ್ನ ತಮ್ಮ ಅವಳ ಕೈ ಹಿಡಿದುಕೊಂಡು ಹೋಗಿ ಓಟು ಹಾಕಿಸಿದ್ದ. ಮನೆಗೆ ಬಂದವನು ಬಾಗಿಲಲ್ಲಿ ನಿಂತು ಸ್ನೇಹಿತರಿಗೆ, "ನಮ್ಮನೆ ಓಟು ಅಷ್ಟೂ ನಮ್ಮೋರಿಗೇ" ಅಂದನಂತೆ. ಒಳಗೆ ಮಂಚದ ಮೇಲೆ ಕೂತಿದ್ದ ಅವ್ವನಿಗೆ ಅದು ಕೇಳಿಸಿತು. ಅವಳು ಅವನಿಗೆ ಹೇಳಿದ್ದು ಬೇರೆ ಹೆಸರು.

ಆ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದವಳು ಈ ಸಲ ನನಗೆ ಫೋನ್ ಮಾಡಿ, "ನೀ ಬಾ. ನನ್ನ ಓಟು ನನಗೆ ಬೇಕು" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ನಾನು ಈ ಲೋಕದವಳಲ್ಲ. ಬಾತಿ ಕೆರೆಯ ನೀರಿನಲ್ಲಿ ಬೆಳಗಿನ ಬಿಸಿಲು ಅಲುಗಾಡುತ್ತಿತ್ತು, ಕಣ್ಣು ತಾನಾಗಿ ಮುಚ್ಚಿತು. ಅರೆನಿದ್ದೆಯಲ್ಲಿ ಬಾತಿಯ ಗುಡ್ಡವೂ ಬಸ್ಸಿನ ಜೊತೆಗೆ ಸ್ವಲ್ಪ ದೂರ ನಡೆದು ಬಂತು. ಅದೂ ಓಟಿಗೆ ಹೊರಟಿದೆ, ಅದಕ್ಕೆ ಯಾರು ಕೈ ಹಿಡಿಯುತ್ತಾರೆ ಅಂತ ಗಾಢವಾಗಿ ಯೋಚಿಸಿದೆ. ಕಂಡಕ್ಟರು ಸೀಟಿನ ಹಿಂದೆ ತಟ್ಟಿ, "ದಾವಣಗೆರೆ ಬಂತ್ರಕ್ಕಾ, ಇಳೀರಿ" ಅಂದಾಗಲೇ ಎಚ್ಚರವಾದದ್ದು.

ಮನೆಯಲ್ಲಿ ಅವ್ವ ತಲೆ ಬಾಚಿಕೊಂಡು, ವಿಭೂತಿ ಹಚ್ಚಿಕೊಂಡು ತಯಾರಾಗಿ ಕೂತಿದ್ದಳು. ತಮ್ಮ ಆಗಲೇ ಓಟು ಹಾಕಿ ಬಂದಿದ್ದ. "ಅಕ್ಕನ್ನ ಯಾಕ ಅಲ್ಲಿಂದ ಕರೆಸ್ದಿ, ನಾನಿಲ್ವಾ?" ಅಂತ ಅವ್ವನನ್ನು ಕೇಳಿದ. ಅವ್ವ ಚಪ್ಪಲಿ ಹುಡುಕುತ್ತ, "ಅದಾಳೆ, ಬಂದಾಳೆ, ಹೋಗ್ತೀವಿ" ಅಂದಳು.

ಮತಗಟ್ಟೆ ಇದ್ದದ್ದು ನಾನು ಓದಿದ ಶಾಲೆಯಲ್ಲೇ. ಬೆಂಚುಗಳನ್ನೆಲ್ಲ ಮೂಲೆಗೆ ಸೇರಿಸಿದ್ದರು. ಗೋಡೆಯ ಮೇಲಿನ ಅ-ಆ-ಇ-ಈ ಕೆಳಗೆ ಪಕ್ಷಗಳ ಏಜೆಂಟರು ಸಾಲಾಗಿ ಕೂತಿದ್ದರು, ಪಾಠ ಬರದ ಹುಡುಗರ ಹಾಗೆ. ಫ್ಯಾನಿನ ಗಾಳಿ, ಪಿಸುಮಾತು, ಆಗಾಗ ಯಂತ್ರದ ಬೀಪ್. ಆ ಕೋಣೆಯಲ್ಲಿ ಯಾವ ವರ್ಷ ನಡೆಯುತ್ತಿದೆ ಅನ್ನುವುದೇ ನನಗೆ ಒಂದು ಗಳಿಗೆ ಮರೆತುಹೋಯಿತು.

ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಮೊದಲು ನನ್ನ ಓಟು ಹಾಕಿದೆ. ಆಮೇಲೆ ಅವ್ವನ ಸರದಿ. ನಮ್ಮ ಓಣಿಯವರೇ ಆದ ಏಜೆಂಟರೊಬ್ಬರು, "ಯಾಕ ದೊಡ್ಡವ್ವ, ಮಗ ಬರ್ಲಿಲ್ಲೇನು?" ಅಂದರು.

"ಅವನ ಓಟು ಅವನು ಹಾಕ್ಯಾನೆ. ಇದು ನಂದು" ಅಂದಳು ಅವ್ವ.

ಅಧಿಕಾರಿ ನನ್ನ ಮುಂದೆ ಒಂದು ಕಾಗದ ಇಟ್ಟು, "ಸಹಿ ಮಾಡ್ರಿ ಮೇಡಂ. ಯಾರಿಗೆ ಹಾಕ್ಸಿದ್ರಿ ಅಂತ ಹೊರಗೆ ಬಾಯಿ ಬಿಡಂಗಿಲ್ಲ" ಅಂದರು. ಸಹಿ ಮಾಡಿದೆ. ಸಹಾಯಕ್ಕೆ ಹೋಗುವವರ ಬಲಗೈ ತೋರುಬೆರಳಿಗೂ ಶಾಯಿ ಹಚ್ಚುತ್ತಾರೆ ಅಂತ ನನಗೆ ಗೊತ್ತಾದದ್ದು ಅವತ್ತೇ. ಎಡಗೈಯಲ್ಲಿ ನನ್ನದು, ಬಲಗೈಯಲ್ಲಿ ಅವ್ವನದು.

ರಟ್ಟಿನ ಮರೆಯ ಹಿಂದೆ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನ ಕಿವಿಗೆ ಹೆಸರು ಹೇಳಿದಳು. ಹೆಸರು ಬರೆಯುವಂತಿಲ್ಲ, ಸಹಿ ಹಾಕಿದವಳು ನಾನು. ಇಷ್ಟು ಹೇಳಿದರೆ ಪಾಪ ಬರಲಾರದು: ಆ ಹೆಸರು ಕೇಳಿ ನನ್ನ ಮೈ ಉರಿಯಿತು. ಚುನಾವಣೆ ಘೋಷಣೆಯಾದ ದಿನದಿಂದ ಆ ಮುಖ ಟೀವಿಯಲ್ಲಿ ಬಂದರೆ ಸಾಕು, ಚಾನೆಲ್ ಬದಲಾಯಿಸುತ್ತಿದ್ದವಳು ನಾನು. ನನ್ನ ಕೈಯಿಂದಲೇ ಅದನ್ನು ಒತ್ತಬೇಕೆ? ಪಕ್ಕದ ಗುಂಡಿ ಒತ್ತಿದರೂ ಅದೇ ಬೀಪ್. ಅವ್ವನಿಗೆ ಕಾಣುವುದಿಲ್ಲ, ಏಜೆಂಟರಿಗೂ ಕಾಣುವುದಿಲ್ಲ. ತಮ್ಮ ಇಲ್ಲೇ ಹೀಗೇ ನಿಂತಿದ್ದ, ಅವನಿಗೂ ಇದು ಇಷ್ಟೇ ಸುಲಭವಾಗಿ ಕಂಡಿರಬೇಕು. ಅಲ್ಲಿಯವರೆಗೆ ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲಿ ಸ್ವಲ್ಪ ನಾಚಿಕೊಂಡಿತು.

ಅವ್ವ ನನ್ನ ಬೆರಳು ಹುಡುಕಿ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ಎಲ್ಲಿ ಒತ್ತಬೇಕು ಅಂತ ಅವಳು ಎಳೆಯಲಿಲ್ಲ, ತಳ್ಳಲಿಲ್ಲ, ಸುಮ್ಮನೆ ಹಿಡಿದುಕೊಂಡಳು. ನಾನು ಅವಳು ಹೇಳಿದ ಚಿಹ್ನೆಯ ಮುಂದೆ ಬೆರಳಿಟ್ಟೆ. ಇಬ್ಬರೂ ಸೇರಿ ಒತ್ತಿದೆವು.

ಪಕ್ಕದ ಪೆಟ್ಟಿಗೆಯ ಗಾಜಿನೊಳಗೆ ಚೀಟಿ ಬಂತು, ಬೆಳಕು ಬಿತ್ತು.

"ಅದೇನಾ?" ಅಂದಳು.

"ಅದೇ ಅವ್ವ."

ಅವಳು ಆ ಬೆಳಕಿನ ಕಡೆಗೆ ಮುಖ ಮಾಡಿಕೊಂಡು ನಿಂತಳು. ಚೀಟಿ ಕೆಳಗೆ ಬಿದ್ದು ಗಾಜು ಕಪ್ಪಾದ ಮೇಲೆಯೇ ನಡೆ ಅಂದಳು.

ಮನೆಯಲ್ಲಿ ತಮ್ಮ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಿದ್ದ. ನಗುತ್ತಲೇ ಕೇಳಿದ, "ಯಾರಿಗೆ ಹಾಕಿದ್ಯವ್ವಾ?"

"ಅದ್ಯಾಕ ನಿಂಗೆ?"

"ನನ್ ಮ್ಯಾಲೆ ನಂಬಿಕೆ ಇಲ್ವಾ?"

ಅವ್ವ ತಟ್ಟೆಯನ್ನು ತಡಕಾಡಿ ಹತ್ತಿರ ಎಳೆದುಕೊಂಡಳು. "ಅನ್ನ ಹಾಕ್ತಿ, ಔಷಧ ಕೊಡಿಸ್ತಿ, ಕತ್ಲಾಗೆ ಕೈ ಹಿಡೀತಿ. ಅದಕ್ಕೆಲ್ಲ ನಂಬ್ತೀನಪ್ಪ. ಓಟು ಮಾತ್ರ ನಂದು."

ಅವನ ನಗು ಹೋಯಿತು. ಕಿವಿ ಕೆಂಪಾದವು. ಹೋದ ಸಲದ್ದು ಅವ್ವನಿಗೆ ಗೊತ್ತು ಅಂತ ಅವನಿಗೆ ಆಗ ಗೊತ್ತಾಯಿತು. ಎದ್ದು ಹೋಗಿ ಅವಳಿಗೆ ನೀರು ತಂದುಕೊಟ್ಟ.

ಫಲಿತಾಂಶದ ದಿನ ಹರಿಹರದಲ್ಲಿ ನಾನು ಟೀವಿ ನೋಡುತ್ತಿದ್ದೆ. ಅವ್ವನ ಅಭ್ಯರ್ಥಿ ಸೋತಿದ್ದು ತಿಳಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು. ಅಷ್ಟರಲ್ಲಿ ಅವಳ ಫೋನು. ಬೇಸರ ಮಾಡಿಕೊಂಡಿರುತ್ತಾಳೆ, ಸಮಾಧಾನ ಹೇಳೋಣ ಅಂದುಕೊಂಡೆ.

"ಸೋತ್ರು ಅಂತ ಬ್ಯಾಸರ ಮಾಡ್ಕಬ್ಯಾಡವ್ವ" ಅಂದೆ.

"ಬ್ಯಾಸರ ಯಾಕ?" ಅಂದಳು. "ನಿನ್ ತಮ್ಮನ ಕೈಲಿ ಎಲ್ರ ಓಟೂ ಎಷ್ಟೆಷ್ಟು ಅಂತ ಓದಿಸ್ಕಂಡೆ. ಸೋತೋರದ್ದೂ ಬಿಡದಂಗೆ ಓದ್ದ. ಹೋದ ಸಲ ನಂದು ಎಲ್ಲಿತ್ತೋ ನಂಗೆ ಗೊತ್ತೇ ಆಗ್ಲಿಲ್ಲ. ಈ ಸಲ ಅದ್ರಾಗೆ ಒಂದು ನಂದು ಐತೆ."